ಬಣ್ಣ ಹತ್ತದ ಜಾಗ

ನನ್ನ ಅಕ್ಕ ಯಾರನ್ನೂ ಸುಲಭವಾಗಿ ನಂಬುವವಳಲ್ಲ. ಕಾಪುವಿನ ಮೀನು ಮಾರುಕಟ್ಟೆಯಲ್ಲಿ ಬಹಳ ವರ್ಷಗಳಿಂದ ಕೂತು ಮಾರುವ ಅವಳಿಗೆ ಐಸು ತರುವವನ ಮೇಲೂ ಅನುಮಾನ, ಬಂಗುಡೆಯ ಕಿವಿರು ಎತ್ತಿ ನೋಡುವ ಗಿರಾಕಿಯ ಮೇಲೂ ಅನುಮಾನ. ಕಳೆದ ಮಳೆಗಾಲದಲ್ಲಿ ಅಲ್ಲಿಯೇ ಒದ್ದೆ ನೆಲದಲ್ಲಿ ಜಾರಿ ಬಿದ್ದು ಕಾಲಿನ ಮೂಳೆ ಮುರಿದುಕೊಂಡಳು. ಮಂಡಿಯವರೆಗೆ ಪ್ಲಾಸ್ಟರ್ ಹಾಕಿದರು. ಒಳಗೆ ಮೂಳೆ ಸರಿಯಾಗಿ ಕೂತಿದೆಯೋ ಇಲ್ಲವೋ ಯಾರು ಕಂಡರು ಎಂದು ಅದರ ಮೇಲೂ ಅವಳಿಗೆ ಗುಮಾನಿ.

ನಾನು ಕಾರ್ಕಳದ ಶಾಲೆಯೊಂದರಲ್ಲಿ ಟೀಚರ್. ಭಾನುವಾರ ಅವಳನ್ನು ನೋಡಲು ಹೋಗುತ್ತಿದ್ದೆ. ಅಂಥ ಒಂದು ಭಾನುವಾರ ಮಾತಿನ ನಡುವೆ ಅವಳು ತಟ್ಟನೆ ತಡೆದು ಉಸಿರು ಎಳೆದುಕೊಂಡಳು.

"ಎಂತಾಯ್ತು?"

"ಎಂತ ಇಲ್ಲ ಮಾರಾಯ್ತಿ. ಗ್ಯಾಸು."

ಹತ್ತಿರದ ಡಾಕ್ಟರು ಇಸಿಜಿ ತೆಗೆದು ಏನೂ ತೊಂದರೆಯಿಲ್ಲ ಅಂದಿದ್ದಾರೆ, ಗ್ಯಾಸಿನ ಮಾತ್ರೆ ಕೊಟ್ಟಿದ್ದಾರೆ ಎಂದು ಭಾವ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಚೌಕಾಶಿಗೆ ನಿಂತರೆ ಉಸಿರು ಬಿಡದೆ ಮಾತಾಡುವ ಹೆಂಗಸು ಅವಳು. ಕೆಮ್ಮುವಾಗ ಮುಖ ಗೋಡೆಯ ಕಡೆ ತಿರುಗಿಸಿದ್ದನ್ನೂ ಗಮನಿಸಿದೆ. ಭಾವ ಚಹಾ ತರಲು ಒಳಗೆ ಹೋದಾಗ ಒತ್ತಾಯಿಸಿ ಕೇಳಿದೆ.

"ಬಲಗಡೆ ಪಕ್ಕೆ ಚುಚ್ಚುತ್ತದೆ," ಅಂದಳು. "ಇವರಿಗೆ ಹೇಳಬೇಡ."

ನಾನು ಹೇಳಿಯೇಬಿಟ್ಟೆ. ಆಗಲೇ ಕಾರು ಹತ್ತಿಸಿ ಮಣಿಪಾಲಕ್ಕೆ ಕರೆದುಕೊಂಡು ಹೋದೆವು.

ಆಸ್ಪತ್ರೆಯ ಯುವ ಡಾಕ್ಟರು ಪ್ಲಾಸ್ಟರ್ ನೋಡಿದ್ದೇ, ಕಾಲು ಅಲ್ಲಾಡಿಸದೆ ಎಷ್ಟು ದಿನವಾಯಿತು ಎಂದು ಕೇಳಿದರು. ಹೀಗೆ ಮಲಗಿದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದುಂಟು, ಸಿ.ಟಿ. ಸ್ಕ್ಯಾನ್ ಮಾಡಿ ನೋಡಬೇಕು ಅಂದರು. ಅಕ್ಕ ನನ್ನ ಕಿವಿಯಲ್ಲಿ ತುಳುವಿನಲ್ಲಿ ಪಿಸುಗುಟ್ಟಿದಳು: ಮುರಿದದ್ದು ಕಾಲು, ಇವರು ನೋಡುವುದು ಎದೆ!

ಕೈಯ ನರಕ್ಕೆ ಔಷಧಿ ಬಿಡುವಾಗ ಮೈಯೆಲ್ಲ ಬಿಸಿಯಾಗುತ್ತದೆ, ಮೂತ್ರ ಹೋದ ಹಾಗೆ ಅನಿಸುತ್ತದೆ, ಆದರೆ ಹೋಗಿರುವುದಿಲ್ಲ ಎಂದು ಅಲ್ಲಿಯವರು ಮೊದಲೇ ಹೇಳಿದ್ದರು. ಸ್ಕ್ಯಾನ್ ಮುಗಿದ ಮೇಲೆ ಅಕ್ಕ ಮಾಡಿದ ಮೊದಲ ಕೆಲಸ ತನ್ನ ಬಟ್ಟೆ ಮುಟ್ಟಿ ನೋಡಿಕೊಂಡದ್ದು.

ಸ್ವಲ್ಪ ಹೊತ್ತಿನಲ್ಲಿ ಡಾಕ್ಟರು ಬಂದು, "ದೊಡ್ಡ ರಕ್ತನಾಳಗಳಲ್ಲಿ ಏನೂ ಕಾಣುವುದಿಲ್ಲ. ಪೂರ್ತಿ ವರದಿ ಬರಲಿ," ಅಂದರು.

"ನಾನು ಹೇಳಲಿಲ್ವಾ?" ಎಂದು ಅಕ್ಕ ಮನೆಗೆ ಹೊರಡುವ ಮಾತೆತ್ತಿದಳು. ಅಷ್ಟರಲ್ಲಿ ಅದೇ ಡಾಕ್ಟರು ಮತ್ತೆ ಬಂದರು. ಈ ಸಲ ಮುಖ ಬೇರೆಯೇ ಇತ್ತು. ಅಡ್ಮಿಟ್ ಮಾಡಬೇಕು ಎಂದು ಹೇಳಿ ಭಾವನನ್ನು ಹೊರಗೆ ಕರೆದುಕೊಂಡು ಹೋದರು. ಅಕ್ಕ ನನ್ನ ಮಣಿಕಟ್ಟು ಹಿಡಿದಳು.

"ಇವರನ್ನು ಯಾಕೆ ಹೊರಗೆ ಕರೆದದ್ದು? ಕ್ಯಾನ್ಸರ್ ಅಲ್ವಾ? ನಿನಗೆ ಗೊತ್ತುಂಟು, ಹೇಳು."

ನನಗೇನೂ ಗೊತ್ತಿರಲಿಲ್ಲ. ಅವಳು ಅದನ್ನೂ ನಂಬಲಿಲ್ಲ. ಈಗ ನನಗೂ ಅನುಮಾನ ಶುರುವಾಯಿತು. ಆಗ ಇಲ್ಲದ್ದು ಈಗ ಎಲ್ಲಿಂದ ಬಂತು? ಬೇರೆ ಯಾರದೋ ಚಿತ್ರ ಅದಲುಬದಲಾಗಿರಬಹುದೇ? ಎದ್ದು ಹೋಗಿ, ಚಿತ್ರ ನನಗೆ ತೋರಿಸಿ ಎಂದು ಕೇಳಿದೆ.

ಸ್ಕ್ಯಾನ್ ಓದುವ ಡಾಕ್ಟರಮ್ಮ ನನ್ನನ್ನು ಪರದೆಯ ಎದುರು ಕೂರಿಸಿದರು. ಮೊದಲು ಬೂದು ಬಣ್ಣದ ಚಿತ್ರ. ನನಗೆ ಏನೂ ತಿಳಿಯಲಿಲ್ಲ. ಒಂದು ಗುಂಡಿ ಒತ್ತಿದಾಗ ಶ್ವಾಸಕೋಶವೆಲ್ಲ ಕಿತ್ತಳೆ ಬಣ್ಣವಾಯಿತು. ಬಲಗಡೆಯ ಕೆಳ ಅಂಚಿನಲ್ಲಿ ಮಾತ್ರ ಕಲ್ಲಂಗಡಿ ಹೋಳಿನ ಆಕಾರದ ಜಾಗ ಕಪ್ಪಾಗಿಯೇ ಉಳಿದಿತ್ತು.

"ನಾವು ಕೊಟ್ಟ ಔಷಧಿಯಲ್ಲಿ ಅಯೋಡಿನ್ ಉಂಟು. ರಕ್ತ ಹೋದಲ್ಲೆಲ್ಲ ಅದೂ ಹೋಗುತ್ತದೆ. ಈ ಯಂತ್ರ ಒಂದೇ ಸಲಕ್ಕೆ ಎರಡು ಶಕ್ತಿಯ ಎಕ್ಸ್‌ರೇಯಲ್ಲಿ ಚಿತ್ರ ತೆಗೆಯುತ್ತದೆ. ಹಾಗಾಗಿ ಅಯೋಡಿನ್ ಮಾತ್ರ ಬೇರೆ ಮಾಡಿ ಬಣ್ಣದಲ್ಲಿ ನೋಡಬಹುದು. ಇಲ್ಲಿ ಬಣ್ಣ ಇಲ್ಲ, ಅಂದರೆ ರಕ್ತ ಸರಿಯಾಗಿ ಹೋಗುತ್ತಿಲ್ಲ. ಅದನ್ನು ಕಂಡ ಮೇಲೆ ಆ ಜಾಗಕ್ಕೆ ಹೋಗುವ ನಾಳವನ್ನು ಮತ್ತೆ ಹುಡುಕಿದೆವು."

ಅವರು ತೋರಿಸಿದ ನಾಳ ದಾರದಷ್ಟು ಸಪೂರ. ಅದರೊಳಗೆ ಒಂದು ಚಿಕ್ಕ ಕಪ್ಪು ಚುಕ್ಕೆ. ಅದೇ ಗಡ್ಡೆ.

"ಇದು ಅಕ್ಕನದೇ ಚಿತ್ರ ಅಂತ ಹೇಗೆ ಹೇಳುತ್ತೀರಿ?" ಎಂದು ಕೇಳಿಯೇಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ಮೂಲೆಯಲ್ಲಿದ್ದ ಹೆಸರು ತೋರಿಸಿದರು. ಆಮೇಲೆ, "ಎಡಗಡೆ ಪಕ್ಕೆಲುಬು ಹಿಂದೆ ಮುರಿದು ಕೂಡಿಕೊಂಡಿದೆ. ಯಾವಾಗ ಬಿದ್ದದ್ದು?" ಎಂದು ಕೇಳಿದರು.

ಆಗ ನನಗೆ ನಂಬಿಕೆ ಬಂತು. ಅಕ್ಕ ಸ್ಕೂಟರ್ ಕಲಿಯುವಾಗ ಕಡಿಯಾಳಿಯ ತಿರುವಿನಲ್ಲಿ ನಾವಿಬ್ಬರೂ ಬಿದ್ದಿದ್ದೆವು. ಎದೆ ನೋವನ್ನು ತಿಂಗಳುಗಟ್ಟಲೆ ನುಂಗಿಕೊಂಡು ಅವಳು ಮನೆಯಲ್ಲಿ ಬೇರೆ ಯಾರಿಗೂ ಹೇಳಿರಲಿಲ್ಲ.

ವಾಪಸು ಬಂದಾಗ ಭಾವ ಅಕ್ಕನ ಮಂಚದ ಬಳಿಯೇ ಇದ್ದರು. ಅವರನ್ನು ಕರೆದದ್ದು ಅಡ್ಮಿಟ್ ಮಾಡುವ ಕಾಗದಕ್ಕೆ ಸಹಿ ಹಾಕಿಸಲು, ಅಷ್ಟೆ. ಕ್ಯಾನ್ಸರ್ ಅಲ್ಲ, ರಕ್ತದ ಸಣ್ಣ ಗಡ್ಡೆ, ಅದಕ್ಕೆ ಇಂಜೆಕ್ಷನ್ ಉಂಟು ಎಂದು ಅಕ್ಕನಿಗೆ ಹೇಳಿದೆ. ನಂಬದೆ ನನ್ನ ಕಣ್ಣನ್ನೇ ನೋಡಿದಳು. ಬಗ್ಗಿ ಅವಳ ಕಿವಿಯಲ್ಲಿ, "ಸ್ಕೂಟರಿಂದ ಬಿದ್ದದ್ದೂ ಅದರಲ್ಲಿ ಕಾಣುತ್ತದೆ," ಅಂದೆ.

ಅವಳು ಬೆಚ್ಚಿದಳು. "ಇವರಿಗೆ ಹೇಳಿದರಾ?"

"ಇಲ್ಲ."

"ಹಾಗಾದರೆ ಇಂಜೆಕ್ಷನ್ ಕೊಡಲಿ."

ಕೆಲವು ದಿನ ಹೊಟ್ಟೆಗೆ ಇಂಜೆಕ್ಷನ್, ಮತ್ತೆ ಕೆಲವು ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ. ಉಸಿರು ನಿಧಾನವಾಗಿ ಹಿಂದಿನ ಹಾಗಾಯಿತು. ಇನ್ನು ಮಾತ್ರೆ ನಿಲ್ಲಿಸಬಹುದು ಎಂದು ಡಾಕ್ಟರು ಹೇಳಿದ ದಿನ ಅಕ್ಕ ಸಂತೋಷಪಡಲಿಲ್ಲ. "ನಿನ್ನೆಯವರೆಗೆ ಬೇಕಿತ್ತು, ಇವತ್ತು ಬೇಡ ಅಂದರೆ ಎಂತ ಅರ್ಥ?" ಎಂದು ದಾರಿಯುದ್ದಕ್ಕೂ ಕೇಳಿದಳು.

ಈಚೆಗೆ ಒಮ್ಮೆ ಮಾರುಕಟ್ಟೆಗೆ ಹೋದಾಗ, ಶಿರ್ವದ ಗಿರಾಕಿಯೊಬ್ಬರ ಜೊತೆ ಅವಳು ಅಂಜಲ್ ಮೀನಿನ ರೇಟಿಗೆ ಜಗಳಕ್ಕೆ ನಿಂತಿದ್ದಳು. ನಾನು ದೂರ ನಿಂತು ಕೇಳಿದೆ. ಮಾತು ನಡುವೆ ಎಲ್ಲಿಯಾದರೂ ತಡೆಯುತ್ತದೆಯೋ ಎಂದು. ತಡೆಯಲಿಲ್ಲ. ಆದರೂ ಜಗಳ ಮುಗಿಯುವವರೆಗೆ ಅಲ್ಲಿಂದ ಕದಲಲು ನನಗೆ ಮನಸ್ಸಾಗಲಿಲ್ಲ.