ಟೋನ್‌ಆರ್ಮ್‌ಗೆ ಕಾಯಿ ಒಡೆದದ್ದು

ಬೆಳಿಗ್ಗೆ ಹತ್ತೂಕಾಲಿಗೆ ಕೊಟ್ಟೂರಿನ ನಮ್ಮ ಭಾವ ರೆಕಾರ್ಡ್ ಪ್ಲೇಯರಿನ ಮುಳ್ಳು ಹಿಡಿಯುವ ಹೊಸ ಟೋನ್‌ಆರ್ಮ್‌ಗೆ ವಿಭೂತಿ ಹಚ್ಚಿದರು. ಮಗಳಿಗೆ ಗಂಡು ಹುಡುಕುವಾಗಲೂ ಇಷ್ಟು ವಿಚಾರಿಸಿದವರಲ್ಲ. ಕಾರ್ಬನ್ನಿನದೋ ಮರದ್ದೋ ಎಂದು ವರ್ಷವಿಡೀ ಅಳೆದು ಸುರಿದು ಜಪಾನಿನಿಂದ ತರಿಸಿದ್ದರು.

ಹೊಸ ಟ್ರ್ಯಾಕ್ಟರಿಗೆ ಮಾಡುವಂಥದ್ದೇ ಪೂಜೆ. "ಮೊದ್ಲು ಪ್ಲಗ್ ತೆಗೀರಿ" ಎಂದೆ.

"ಬಂದ್ ಆದ ಗಾಡಿಗೆ ಯಾರರ ಪೂಜಿ ಮಾಡ್ತಾರೇನಲೇ? ಕಾಲೇಜು ಓದಿ ಕೆಟ್ಟಿ ನೀನು" ಎಂದು ನಕ್ಕು, ಕಾಯಿ ಒಡೆದು ನೀರು ಚಿಮುಕಿಸಿದರು. ನೀರು ಬಿದ್ದು ಪಕ್ಕದ ಹಳೆಯ ಆಂಪ್ಲಿಫೈಯರ್ ಚಟ್ ಎಂದಿತು. ಒರೆಸಲು ಹೋದ ಭಾವನ ಕೈ ಅದಕ್ಕೇ ಅಂಟಿಕೊಂಡಿತು. ಬಾಯಿ ತೆರೆದಿತ್ತು, ದನಿಯಿರಲಿಲ್ಲ. ನಾನು ಓಡಿಹೋಗಿ ಮೇನ್ ಸ್ವಿಚ್ ಇಳಿಸಿದೆ. ಅವರು ನೆಲಕ್ಕೆ ಬಿದ್ದರು. ಕಣ್ಣು ಬಿಟ್ಟವರೇ ಕೇಳಿದ್ದು, "ಟೋನ್‌ಆರ್ಮ್ ಚೆಂದ ಐತೇನಲೇ?"

"ಅದು ಐತಿ. ನಿಮಗ ಬುದ್ಧಿ ಜಪಾನಿನಾಗ ಸಿಗತೈತೇನು ಕೇಳ್ರಿ!" ಅಕ್ಕ ಅಳುತ್ತಲೇ ಬೈದಳು.

ಆಮೇಲೆ ರಾತ್ರಿ ಕಣ್ಣು ಮುಚ್ಚಿದರೆ ನನಗೆ ಆ ತೆರೆದ ಬಾಯಿಯೇ ಕಾಣುತ್ತಿತ್ತು. ಭಾವನಾದರೋ, ಪೂಜೆ ಅರ್ಧಕ್ಕೆ ನಿಂತಿತೆಂದು ಅಮಾವಾಸ್ಯೆಗೆ ಇನ್ನೊಂದು ಕಾಯಿ ತಂದರು. ಅಕ್ಕ ಪ್ಲಗ್ ಸಮೇತ ವೈರನ್ನೇ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು, "ಈಗ ಒಡೀರಿ" ಎಂದಳು. ಅಂದು ರಾತ್ರಿ ನಾನು ಬೆಳಗಿನವರೆಗೂ ಎಚ್ಚರವಾಗದೆ ಮಲಗಿದೆ.