ಹಾವಸೆ ಕಲ್ಲಿನ ಬಾರಿ ಗಿಡ

ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ ಮಾಗಿದ ಬಾರಿಹಣ್ಣಿನ, ಅಂದರೆ ಬೋರೆಹಣ್ಣಿನ, ಹುಳಿಸಿಹಿ ವಾಸನೆ ಮೂಗಿಗೆ ಬಡಿದರೆ ಸಾಕು, ಮೋರಟಗಿಯ ನಮ್ಮ ಮನೆ ನೆನಪಾಗುತ್ತದೆ. ಎಲ್ಲರೂ ಎಲ್ಲರನ್ನೂ ಓರೆಗಣ್ಣಿನಿಂದ ನೋಡುತ್ತಿದ್ದ ಮನೆ ಅದು. ಅಪ್ಪನ ತಾಯಿ, ನಮ್ಮ ಆಯಿ, ಹಾಲು ಹಾಕುವವನನ್ನು ನಂಬುತ್ತಿರಲಿಲ್ಲ, ಮನೆಯ ಬೆಕ್ಕನ್ನೂ ನಂಬುತ್ತಿರಲಿಲ್ಲ. ಹಿರಿಯ ಸೊಸೆಯ ವಿಷಯವಂತೂ ಕೇಳಲೇಬೇಡಿ. ಆ ಸೊಸೆಯೇ ನನ್ನ ದೊಡ್ಡವ್ವ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಎಪ್ಪತ್ತರ ದಶಕದ ಒಂದು ಚಳಿಗಾಲ ಅವಳು ದಿನಾ ಬೆಳಿಗ್ಗೆ ಬುಟ್ಟಿ ಹಿಡಿದು ಹಳ್ಳದ ಕಡೆ ಹೋಗತೊಡಗಿದಳು. ಜೋಳವನ್ನು ತವರುಮನೆ ಕನ್ನೊಳ್ಳಿಗೆ ಸಾಗಿಸುತ್ತಿದ್ದಾಳೆಂದು ಆಯಿ ತೀರ್ಮಾನಿಸಿ ನನ್ನನ್ನು ಅವಳ ಬೆನ್ನಿಗೆ ಹಚ್ಚಿದಳು.

ನಾನೂ ಆಯಿಯ ಮೊಮ್ಮಗಳೇ ತಾನೆ. ಮೊದಲ ದಿನವೇ ಬುಟ್ಟಿಗೆ ಕೈ ಹಾಕಿ ತಡಕಾಡಿದೆ. ಏನೂ ಇರಲಿಲ್ಲ. ದೊಡ್ಡವ್ವ ಬೈಯಲಿಲ್ಲ. ದಂಡೆಯ ಕಲ್ಲಿನ ಮೇಲೆ ಕಪ್ಪಗೆ ಒಣಗಿದ್ದ ಪಾಚಿಗೆ, ನಮ್ಮ ಮಾತಿನಲ್ಲಿ ಹಾವಸೆಗೆ, ಒಂದು ಬೊಗಸೆ ನೀರು ಹಾಕಿದಳು. ನೋಡನೋಡುತ್ತ ಅದು ಹಸಿರಾಯಿತು. ಹಾವಸೆ ದಪ್ಪಗಿರುವ ಕಡೆ ನೆಲದಡಿ ಪಸೆ ಇರುತ್ತದೆ, ಅಲ್ಲಿಯ ಬಾರಿಹಣ್ಣಿಗೆ ತಿರುಳು ತುಂಬುತ್ತದೆ ಎಂದಳು. ಎಲೆ ಮಗುಚಿ ಬೆಳ್ಳಗಿನ ಹಿಂಬದಿಯಿಂದ ಗಿಡ ಗುರುತಿಸುವುದನ್ನು, ಹಿಚುಕಿ ಹುಳುಕು ತಿಳಿಯುವುದನ್ನು ಕಲಿಸಿದಳು. ನನ್ನ ತಮ್ಮನಿಗೆ ಅದು ಮೊದಲ ಸಂಕ್ರಾಂತಿ. ಆ ದಿನ ನಮ್ಮಲ್ಲಿ ಕೂಸನ್ನು ಕೂರಿಸಿ ತಲೆಯ ಮೇಲೆ ಬಾರಿಹಣ್ಣು ಎರೆಯುತ್ತಾರೆ. ಎರೆಯಲು ಮುತ್ತೈದೆಯರೇ ಆಗಬೇಕು, ದೊಡ್ಡವ್ವನಿಗೆ ಅದು ಗೊತ್ತಿತ್ತು. ತಾನು ಆರಿಸಿದ ಹಣ್ಣಾದರೂ ಕೂಸಿನ ಮೇಲೆ ಬೀಳಲಿ ಎಂಬುದೊಂದೇ ಅವಳ ಆಸೆ. ಕೊನೆಗೆ ಹಾವಸೆ ಕಲ್ಲುಗಳ ನಡುವಿನ ಒಂದು ಗಿಡ ಅವಳ ಮನಸ್ಸಿಗೆ ಬಂತು. ಜೋಳವಲ್ಲ, ಕೂಸಿಗೆ ಹಣ್ಣು ಎಂದು ನಾನು ಆಯಿಗೆ ವರದಿ ಒಪ್ಪಿಸಿದೆ. ಆಯಿಯ ಸಂಶಯ ಜೋಳದಿಂದ ಹಣ್ಣಿಗೆ ಹೊರಳಿತು.

ಹಬ್ಬದ ಮುನ್ನಾದಿನ ದೊಡ್ಡವ್ವ ಆ ಗಿಡದ ಹಣ್ಣನ್ನು ಬುಟ್ಟಿ ತುಂಬ ತಂದು ಆಯಿಯ ಮುಂದಿಟ್ಟಳು. ಸಂಕ್ರಾಂತಿಯ ದಿನ ಹಣ್ಣು ಎರೆದರು, ನಾವೆಲ್ಲ ಮುಗಿಬಿದ್ದು ಆರಿಸಿಕೊಂಡೆವು. ಒಂದನ್ನು ಕಚ್ಚಿದೆ. ಬರೀ ಸಪ್ಪೆ, ಸಂತೆಯ ಹಣ್ಣು. ನಮ್ಮ ಹಣ್ಣೆಲ್ಲಿ ಎಂದು ಆಯಿಯನ್ನು ಕೇಳಿದೆ.

"ಆಡಿಗೆ ಹಾಕೇನಿ," ಅಂದಳು. "ಮಕ್ಕಳಿಲ್ಲದಾಕಿ ಏನ್ ಮನಸಿನ್ಯಾಗ ಇಟ್ಕೊಂಡು ಆರಿಸ್ಯಾಳೋ, ಯಾರಿಗೆ ಗೊತ್ತ?"

ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದೊಡ್ಡವ್ವನ ಬಳಿ ಓಡಿ, ಇವು ನಮ್ಮ ಗಿಡದ್ದಲ್ಲ ಎಂದೆ.

"ಗೊತ್ತೈತಿ ಬಿಡವ್ವ," ಅಂದಳು. "ನೀ ಗುರ್ತ ಹಿಡದಿ, ಅಷ್ಟ ಸಾಕು."

ಈಗ ಆ ಮನೆಯಿಲ್ಲ, ಅವರಿಬ್ಬರೂ ಇಲ್ಲ. ಮರುವರ್ಷ ಚಳಿ ಬಿದ್ದಾಗ ನಾನು ಎಷ್ಟು ಕರೆದರೂ ದೊಡ್ಡವ್ವ ಹಳ್ಳಕ್ಕೆ ಬರಲಿಲ್ಲ. ಮೊಣಕಾಲು ನೋವು ಅಂದಳು. ಆಯಿ ಅದನ್ನು ನಂಬಲಿಲ್ಲ. ಅದೊಂದು ಸಲ ಆಯಿಯ ಸಂಶಯ ಸರಿಯಾಗಿತ್ತು.