ಚಕ್ಕೋತದ ಜೊತೆ ಒಂದು ಚೂರು

ಅವರ ಬೆರಳ ತುದಿಗಳು ಬೆಳ್ಳಗೆ, ನೀರಲ್ಲಿ ನೆಂದಂತೆ ಸುಕ್ಕುಗಟ್ಟಿರುತ್ತಿದ್ದವು. ನನ್ನ ನೆನಪು ಹೀಗೆ ಹೇಳುತ್ತದೆ. ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಬದುಕೆಲ್ಲ ಹಾಲು ಒಡೆದ ನೀರಿನಲ್ಲಿ ಕೈಯಾಡಿಸಿದವರ ಬೆರಳು ಹಾಗಾಗುವುದು ಸಹಜ. ಆದರೆ ಮತ್ತಿಕೆರೆಯ ಅವರ ಮನೆಗೆ ನಾನು ಬಾಡಿಗೆಗೆ ಬರುವ ಹೊತ್ತಿಗೆ ಅವರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಅಷ್ಟರಲ್ಲಿ ಯಾರ ಬೆರಳಾದರೂ ಒಣಗಿರಬೇಕು. ಅವರ ಬಗ್ಗೆ ನನಗೆ ನೆನಪಿರುವ ಎಷ್ಟೋ ಸಂಗತಿಗಳು ಹೀಗೇ, ತಿರುಗಿ ಪ್ರಶ್ನೆ ಕೇಳಿದರೆ ನಿಲ್ಲುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಅವರ ಮನೆಯ ಹಿಂದಿನ ಕೋಣೆ ನನ್ನದು. ಬೀದಿಯ ರೂಢಿಯಂತೆ ಅವರು ನಮಗೆ ‘ಓನರ್’, ಎದುರಿಗೆ ‘ಸರ್’. ಅವರು ಧಾರವಾಡದ ಕಡೆಯವರು, ನನ್ನನ್ನು ‘ತಮ್ಮಾ’ ಎನ್ನುತ್ತಿದ್ದರು. ಹೆಬ್ಬಾಳದ ಕಡೆ ಹಾಲಿನ ಪ್ರಯೋಗಾಲಯವೊಂದರಲ್ಲಿ ಚೀಸ್ ಮಾಡುವ ಕೆಲಸದಲ್ಲಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ.

ನಡುಮನೆಯ ಮೂಲೆಯಲ್ಲಿ ಜಾಲರಿ ಬಾಗಿಲಿನ ಮರದ ಬೀರು ಇತ್ತು. ಇರುವೆ ಹತ್ತದಂತೆ ಅದರ ನಾಲ್ಕು ಕಾಲುಗಳನ್ನೂ ನೀರು ತುಂಬಿದ ಬಟ್ಟಲುಗಳಲ್ಲಿ ಇಟ್ಟಿದ್ದರು. ಒಳಗೆ ಬಟ್ಟೆ ಸುತ್ತಿದ ಚೀಸ್ ಗುಂಡುಗಳು. ದಿನವೂ ಬೆಳಿಗ್ಗೆ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅವನ್ನು ಒರೆಸಿ, ಮಗ್ಗುಲು ಬದಲಿಸಿ ಇಡುತ್ತಿದ್ದರು. ಹಾಸಿಗೆ ಹಿಡಿದ ರೋಗಿಯನ್ನು ಹೊರಳಿಸುವ ಹಾಗೆ. ವಾಸನೆ ಬೀದಿಯವರೆಗೂ ಬರುತ್ತಿತ್ತು. ಮತ್ತಿಕೆರೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಎದುರುಮನೆಯ ಅಜ್ಜಿ ನನ್ನನ್ನು ತಡೆದು ಕೇಳುತ್ತಿದ್ದರು: “ಕೆಟ್ಟೋಗಿರೋ ಗಿಣ್ಣು ಇಕ್ಕೊಂಡವ್ರೆ ಕಣಪ್ಪಾ ನಿಮ್ಮ ಓನರ್ರು. ನೀನೆಂಗ್ ಮಲಗ್ತೀಯ ಅಲ್ಲಿ?”

ಭಾನುವಾರ ಹತ್ತು ಗಂಟೆಗೆ ನನಗೆ ಕರೆ ಬರುತ್ತಿತ್ತು. ಎರಡು ಸ್ಟೀಲ್ ತಟ್ಟೆ. ಪ್ರತಿ ತಟ್ಟೆಯಲ್ಲಿ ಬೆರಳಗಲದ ಚೀಸ್ ಚೂರು, ಪಕ್ಕದಲ್ಲಿ ಆ ವಾರದ ಹಣ್ಣು.

“ಅವಸರ ಮಾಡಬ್ಯಾಡ. ಮೊದಲ ಚೀಸ್, ಬಾಯಾಗ ಕರಗಲಿ. ಆಮ್ಯಾಲ ಹಣ್ಣು. ನುಂಗೂತನಕಾ ಮಾತಿಲ್ಲ.”

ಆ ಚೀಸ್‌ಗೆ ಕೊನೆಯಲ್ಲಿ ಒಂದು ಸಣ್ಣ ಕಹಿ ಇತ್ತು. ಅದನ್ನು ಅಡಗಿಸುವ ಹಣ್ಣಿಗಾಗಿ ಅವರ ಹುಡುಕಾಟ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತೀರ್ಪುಗಳನ್ನು ಬರೆದಿಡುತ್ತಿದ್ದರು. ನಾನು ಸೀಬೆ ಎನ್ನುವ ಹಣ್ಣು ಅವರ ಬಾಯಲ್ಲಿ ಪೇರಲ. “ಪೇರಲ ಬಾಯಿಬಡಕಿ, ಚೀಸಿಗೆ ಮಾತಾಡ್ಲಿಕ್ಕೇ ಬಿಡೂದಿಲ್ಲ.” ಬಾಳೆಹಣ್ಣು ಇಟ್ಟ ವಾರ, “ಇಬ್ಬರೂ ಕೂಡಿ ನಿದ್ದಿ ಹೊಡೀಲಿಕ್ಕತ್ತಾರ.” ಯಲಹಂಕದ ತೋಟಗಳ ನೀಲಿ ದ್ರಾಕ್ಷಿಗೆ, “ನೆಂಟರು. ಎರಡು ದಿನಕ್ಕ ಛಲೋ.” ಸಪೋಟ ಸೋತಿತು. ಹಣ್ಣು ಸಿಹಿಯಾದಷ್ಟೂ ಕಹಿ ಎದ್ದು ಕಾಣುತ್ತಿತ್ತು.

ಈ ಪರೀಕ್ಷೆಯೆಲ್ಲ ಅವರ ಅಕ್ಕನಿಗಾಗಿ. ಉಳಿದಿದ್ದ ಒಬ್ಬರೇ ರಕ್ತಸಂಬಂಧಿ ಆಕೆ. ಓನರ್ ಕೆಲಸಕ್ಕೆ ಸೇರಿದ ವರ್ಷವೇ ಆಕೆಗೆ ಯಾರೋ ಹೇಳಿದ್ದರು, ಚೀಸ್‌ಗೆ ಹಾಲು ಗಟ್ಟಿ ಮಾಡುವುದು ಕರುವಿನ ಹೊಟ್ಟೆಯಿಂದ ತೆಗೆದ ದ್ರವದಿಂದ ಎಂದು. ಪ್ರಯೋಗಾಲಯದ ಮಟ್ಟಿಗೆ ಅದು ನಿಜವೂ ಆಗಿತ್ತು. ಅಂದಿನಿಂದ ತಮ್ಮನ ಮನೆಯಲ್ಲಿ ಆಕೆ ನೀರೂ ಕುಡಿಯಲಿಲ್ಲ. ವರ್ಷಕ್ಕೊಮ್ಮೆ ಯಶವಂತಪುರದಲ್ಲಿ ರೈಲು ಇಳಿದು, ಗಂಡನ ಕಡೆಯ ನೆಂಟರ ಮನೆಯಲ್ಲಿ ಉಳಿದು, ಒಂದು ಮಧ್ಯಾಹ್ನ ಬಂದು ಜಗಲಿಯ ಮೇಲೆ ಕೂತು ಮಾತಾಡಿ ಹೋಗುತ್ತಿದ್ದರು. ತಮ್ಮನ ಹೆಂಡತಿ ಸತ್ತ ವರ್ಷವೂ ಹಾಗೆಯೇ.

ನಿವೃತ್ತರಾದ ಮೇಲೆ ಓನರ್ ಮನೆಯಲ್ಲೇ ಬೇರೆ ಚೀಸ್ ಮಾಡತೊಡಗಿದರು. ಅದಕ್ಕೆ ಬಳಸುವುದನ್ನು ಡಬ್ಬಿ ತೆರೆದು ನನಗೆ ಒಮ್ಮೆ ತೋರಿಸಿದ್ದರು: ಕಡಲೆಗಿಂತ ತುಸು ದೊಡ್ಡ ಒಣ ಕಾಯಿಗಳು, ಒಳಗೆ ಸಣ್ಣ ಬೀಜ. ಕೆಲಸದಲ್ಲಿದ್ದಾಗ ಒಬ್ಬ ಸಿಂಧಿ ಸಹೋದ್ಯೋಗಿ ಹೇಳಿಕೊಟ್ಟಿದ್ದಂತೆ. “ಇದನ್ನ ನೆನಸಿದ ನೀರು ಹಾಕಿದರ ಹಾಲು ಕಟ್ಟತದ, ತಮ್ಮಾ. ಕರು ಬ್ಯಾಡ, ಏನೂ ಬ್ಯಾಡ.” ನಾನು ತಲೆಯಾಡಿಸಿದೆ. ನಂಬಲಿಲ್ಲ. ನನ್ನ ಪಠ್ಯಪುಸ್ತಕದಲ್ಲಿ ಕರುವಿನ ಹೊಟ್ಟೆಯ ಬಗ್ಗೆ ಒಂದು ವಾಕ್ಯವಿತ್ತು, ಬೀಜದ ಬಗ್ಗೆ ಇರಲಿಲ್ಲ.

ಅವರು ಅಕ್ಕನಿಗೆ ಕಾಗದದ ಮೇಲೆ ಕಾಗದ ಬರೆದರು. ಕೊನೆಗೆ ಒಂದು ಉತ್ತರ ಬಂತು: ಬೀಜದ್ದೇ ಆದರೆ ಒಂದು ಚೂರು ತಿನ್ನುತ್ತೇನೆ. ಆ ಕಾರ್ಡನ್ನು ಅವರು ಬೀರುವಿನ ಜಾಲರಿಗೆ ಸಿಕ್ಕಿಸಿಟ್ಟರು.

ಹಣ್ಣು ಸಿಕ್ಕಿದ್ದೂ ಅದೇ ತಿಂಗಳು. ಯಲಹಂಕಕ್ಕೆ ಹೋಗಿ, ದೇವನಹಳ್ಳಿಯ ಬಸ್ಸಿನಲ್ಲಿ ಬುಟ್ಟಿ ತಂದವರಿಂದ ಒಂದು ಚಕ್ಕೋತ ಕೊಂಡು, ಮಗುವಿನ ಹಾಗೆ ಎತ್ತಿಕೊಂಡು ಬಂದಿದ್ದರು. ದಪ್ಪ ಸಿಪ್ಪೆ ಸುಲಿದು, ಕೆಂಪು ತೊಳೆಯ ಮೇಲಿನ ಪೊರೆಯನ್ನು ಅರ್ಧ ಮಾತ್ರ ತೆಗೆದರು. ತಿಂದು, ಇನ್ನೊಂದು ಚೂರು ಚೀಸ್ ಕತ್ತರಿಸಿ ಮತ್ತೆ ತಿಂದು ನೋಡಿದರು.

“ಸಿಕ್ತು, ತಮ್ಮಾ. ಇದಕ್ಕೂ ಒಂಚೂರು ಕಹಿ ಅದ. ಕಹಿ ಇದ್ದವರ ಮುಂದ ಕಹಿ ಇದ್ದವರು ನಾಚಿಕೊಳ್ಳೂದಿಲ್ಲ.”

ಅಕ್ಕ ಬಂದ ದಿನ ಜಗಲಿಗೆ ಚಾಪೆ ಹಾಸಿದ್ದರು. ಅಂದು ಮೂರು ತಟ್ಟೆ. ಜಕ್ಕೂರಿನ ವಿಮಾನ ಶಾಲೆಯ ಪುಟ್ಟ ವಿಮಾನವೊಂದು ಮೇಲೆ ಗುಂಯ್ಗುಡುತ್ತ ಸುತ್ತುತ್ತಿತ್ತು. ಆಕೆ ಚೂರನ್ನು ಎರಡು ಬೆರಳಲ್ಲಿ ಹಿಡಿದಿದ್ದರು. ಬಾಯಿಗೆ ಅರ್ಧ ದೂರ ಬಂದಿತ್ತು. ಆಗ ನನ್ನತ್ತ ನೋಡಿದರು.

“ನೀ ಕಾಲೇಜ್ ಕಲ್ತಾಂವ. ಖರೇ ಹೇಳು. ಬೀಜದಿಂದ ಹಾಲು ಗಟ್ಟಿ ಆಗ್ತದೇನು?”

“ನಾನು ಓದಿರೋ ಪ್ರಕಾರ ಚೀಸ್‌ಗೆ ಕರುವಿನ ಹೊಟ್ಟೆಯದೇ ಬೇಕು ಅಮ್ಮಾ. ಬೀಜದಿಂದ ಆಗೋದು ಡೌಟು.”

ಆಕೆ ಕೇಳಿದ್ದರಿಂದ ನಾನು ಹೇಳಿದೆ ಎಂದು ವರ್ಷಗಳಿಂದ ನೆನಪಿಟ್ಟುಕೊಂಡಿದ್ದೇನೆ. ಆದರೆ ಇದು ನನಗೆ ಅನುಕೂಲವಾದ ನೆನಪು. ಆಕೆ ಬರೀ ನನ್ನತ್ತ ನೋಡಿದ್ದಿರಬಹುದು. ನಾನೇ ಬಾಯಿ ಹಾಕಿರಬಹುದು. ಆ ವಯಸ್ಸಿನಲ್ಲಿ ನನಗೆ ಗೊತ್ತಿದ್ದ ಒಂದು ವಾಕ್ಯವನ್ನು ಹೇಳದೆ ಬಿಡುವುದು ಕಷ್ಟವಿತ್ತು.

ಆಕೆ ಚೂರನ್ನು ತಟ್ಟೆಗೆ ಇಟ್ಟರು. ಸಿಟ್ಟಾಗಲಿಲ್ಲ. ತಮ್ಮನ ಕಡೆ ತಿರುಗಿ ಅಂದರು, “ನೀ ಸುಳ್ಳ ಹೇಳ್ತಿ ಅಂತ ನಾ ಅನ್ನೂದಿಲ್ಲೋ. ನನಗ ನುಂಗಲಿಕ್ಕೆ ಆಗೂದಿಲ್ಲ, ಅಷ್ಟ.” ಹಣ್ಣನ್ನೂ ಮುಟ್ಟಲಿಲ್ಲ, ಅದು ಅದೇ ತಟ್ಟೆಯಲ್ಲಿತ್ತು.

ಓನರ್ ವಾದ ಮಾಡಲಿಲ್ಲ. ಡಬ್ಬಿ ತಂದು ತೋರಿಸಲಿಲ್ಲ. ಆಕೆಯನ್ನು ಬಸ್ಸು ಹತ್ತಿಸಿ ಬಂದು, ಆಕೆಯ ತಟ್ಟೆಯ ಮುಂದೆ ಕೂತು ಮೊದಲು ಚೀಸ್, ಆಮೇಲೆ ಚಕ್ಕೋತ ತಿಂದರು. ನುಂಗುವ ತನಕ ಮಾತಿಲ್ಲ. ಆಮೇಲೆ ನನ್ನತ್ತ ನೋಡದೆ ಹೇಳಿದರು:

“ನಿನ್ನ ಮುಂದನ ಹಾಲು ಕಟ್ಟಿ ತೋರಸ್ತಿದ್ದೆ ತಮ್ಮಾ. ಮುಕ್ಕಾಲು ತಾಸಿನ ಕೆಲಸ. ನೀ ಕೇಳಲಿಲ್ಲ.”

ಆಮೇಲೂ ಭಾನುವಾರ ಕರೆಯುತ್ತಿದ್ದರು. ಎರಡೇ ತಟ್ಟೆ. ನಾನು ಒಮ್ಮೊಮ್ಮೆ ಓದಿನ ನೆಪ ಹೇಳಿ ಬಾಗಿಲು ಹಾಕಿಕೊಂಡಿರುತ್ತಿದ್ದೆ. ಆಗ ಗೋಡೆಯಾಚೆ ತಟ್ಟೆಯೊಂದನ್ನು ಮತ್ತೆ ಒಳಗಿಡುವ ಸದ್ದು ಕೇಳುತ್ತಿತ್ತು. ಕ್ಯಾಲೆಂಡರಿನಲ್ಲಿ ಹೊಸ ಹಣ್ಣು ಸೇರಲಿಲ್ಲ. ಅಕ್ಕ ಮರುವರ್ಷ ಬಂದರೋ ಇಲ್ಲವೋ ನನಗೆ ಗೊತ್ತಿಲ್ಲ, ಅಷ್ಟರಲ್ಲಿ ನಾನು ಕೆಲಸ ಸಿಕ್ಕು ಮೈಸೂರಿಗೆ ಹೋಗಿದ್ದೆ. ಒಂದು ಕಾಗದ ಬರೆಯಬೇಕೆಂದುಕೊಂಡೆ. ಬರೆಯಲಿಲ್ಲ, ಇದು ಮಾತ್ರ ಖಚಿತ.

ಎಂಬತ್ತರ ದಶಕದ ನಡುವೆ ಆ ಬೀದಿಗೆ ಹೋದಾಗ ಮನೆಗೆ ಬೀಗವಿತ್ತು. ಎದುರುಮನೆಯ ಅಜ್ಜಿ ಗುರುತು ಹಿಡಿದರು.

“ಓಗ್ಬುಟ್ರು ಕಣಪ್ಪಾ, ಓದ ವರ್ಸ. ಅವ್ರಕ್ಕ ಬಂದಿದ್ರು. ಎಷ್ಟ್ ಕರುದ್ರೂ ಒಳೀಕ್ಕೆ ಬರ್ನಿಲ್ಲ. ಜಗಲಿ ಮ್ಯಾಲೇ ಕುಂತಿದ್ರು, ಎಣ ಎತ್ಕೊಂಡ್ ಓಗೋಗಂಟ.” ಬೀಗದ ಕಡೆ ನೋಡಿ ಅಂದರು, “ಈಗ ವಾಸ್ನೆ ಇಲ್ಲ. ಅದಿಲ್ದೆ ಒಂಥರಾ ಆಯ್ತದೆ.”

ಅಂದು ಮೈಸೂರಿಗೆ ಹೊರಡುವ ಮೊದಲು ಯಶವಂತಪುರದಲ್ಲಿ ಬೇರು-ನಾರು ಮಾರುವ ಒಂದು ಗ್ರಂಥಿಗೆ ಅಂಗಡಿಗೆ ಹೋದೆ. ಓನರ್ ಡಬ್ಬಿಯಲ್ಲಿ ತೋರಿಸಿದ್ದ ಕಾಯಿಯ ಆಕಾರವನ್ನು ವಿವರಿಸಿದೆ. ಅಂಗಡಿಯವರು ಒಳಗಿನಿಂದ ಒಂದು ಹಿಡಿ ತಂದು, “ಪನೀರ್ ಬೀಜ. ಶುಗರ್‌ಗಾ ಸಾರ್?” ಎಂದರು. ಹೌದೆಂದೆ. ಮೈಸೂರು ತಲುಪಿ ಅದನ್ನು ಜಜ್ಜಿ ನೆನೆಸಿ, ಸೋಸಿದ ನೀರನ್ನು ಉಗುರು ಬೆಚ್ಚಗಿನ ಹಸುವಿನ ಹಾಲಿಗೆ ಹಾಕಿ, ಗಡಿಯಾರ ಎದುರಿಗಿಟ್ಟುಕೊಂಡು ಕೂತೆ.

ಮುಕ್ಕಾಲು ಗಂಟೆಗೆ ಹಾಲು ಕಟ್ಟಿತ್ತು. ಚಮಚ ನೆಟ್ಟರೆ ನಿಲ್ಲುವಷ್ಟು. ಬಾಯಿಗೆ ಹಾಕಿಕೊಂಡೆ. ಕೊನೆಯಲ್ಲಿ ಸಣ್ಣಗೆ ಕಹಿಯಿತ್ತು.